ಆಳ ಎಷ್ಟು ಅಡಿ ಬೇಕು ಸ್ವಾಮಿ?

ನನ್ನದು ಆಳ ಕೊರೆಯುವ ಕಸುಬು. ಬೋರ್‌ವೆಲ್ ಲಾರಿ ಬೇಕಿಲ್ಲ, ಪೆನ್ನೊಂದಿದ್ದರೆ ಸಾಕು. ಪ್ರದರ್ಶನಗಳಲ್ಲಿ ಚಿತ್ರದ ಪಕ್ಕಕ್ಕೆ ಅಂಗೈಯಗಲದ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ಬರೆದುಕೊಡುವವನು ನಾನು. ಚಿತ್ರ ಬರೆದವನಿಗೇ ಗೊತ್ತಿಲ್ಲದ ಅರ್ಥ ನನಗೆ ಗೊತ್ತಿರುತ್ತದೆ. ಅಡಿಗೆ ಇಷ್ಟು ಎಂದು ದರ. ನೀರು ಬೀಳದಿದ್ದರೂ ಕೊರೆದ ದುಡ್ಡು ಕೊಡಬೇಕು, ಅದು ಈ ಕಸುಬಿನ ಧರ್ಮ.

ಮೊನ್ನೆ ಗೆಳೆಯನೊಬ್ಬ ಕ್ಯಾನ್ವಾಸ್ ಕಂಕುಳಲ್ಲಿ ಹಿಡಿದು ಬಂದ. ಮೇಜಿನ ಮೇಲೆ ಎರಡು ನಿಂಬೆಹಣ್ಣು, ಅಷ್ಟೆ.

‘ಏನಯ್ಯಾ ಇದು?’

‘ನಿಂಬೆಹಣ್ಣು.’

‘ಅದು ಕಾಣುತ್ತೆ. ಏನು ಹೇಳುತ್ತೆ?’

ಕದ್ದು ಸಿಕ್ಕಿಬಿದ್ದವನ ಹಾಗೆ ನೆಲ ನೋಡಿದ. ‘ಬೆಳಿಗ್ಗೆ ಬಿಸಿಲು ಬಿದ್ದಿತ್ತು ಕಣೋ. ಹಳದಿ ಅಷ್ಟು ಚೆನ್ನಾಗಿತ್ತು... ಬರೆದುಬಿಟ್ಟೆ.’ ಮೂರು ಗ್ಯಾಲರಿಗಳವರು ವಾಪಸು ಕಳಿಸಿದ್ದರಂತೆ. ಒಬ್ಬರು ಮಾತ್ರ ಕಾರಣ ಕೊಟ್ಟಿದ್ದರು: ಚೆನ್ನಾಗಿದೆ, ಆದರೆ ಬರೀ ಚೆನ್ನಾಗಿದೆ.

ಬರೀ ಚೆನ್ನಾಗಿರುವುದು ಈಗ ಗುರುತಿನ ಚೀಟಿಯಿಲ್ಲದೆ ತಿರುಗಾಡಿದಂತೆ. ಕಾಮನಬಿಲ್ಲನ್ನೇ ನೋಡಿ, ಕೆಳಗೆ ಯಾರೂ ವಿವರಣೆ ಅಂಟಿಸಲಿಲ್ಲ, ಅದಕ್ಕೇ ಇವತ್ತಿನವರೆಗೂ ಬಿಕರಿಯಾಗಿಲ್ಲ.

ಈ ಹುಚ್ಚು ಹೊಸದೇನಲ್ಲ ಎನ್ನಿ. ಧ್ವನಿಯೇ, ಎಂದರೆ ಮಾತಿನ ಹಿಂದೆ ಹೊಳೆಯುವ ಅರ್ಥವೇ, ಕಾವ್ಯದ ಆತ್ಮ ಎಂದ ಕಾವ್ಯಮೀಮಾಂಸಕ ಆನಂದವರ್ಧನ 9ನೇ ಶತಮಾನದಲ್ಲೇ, ಒಳದನಿಯಿಲ್ಲದ ಚಮತ್ಕಾರದ ಪದ್ಯ ಕಾವ್ಯವೇ ಅಲ್ಲ, ಕಾವ್ಯದ ಅನುಕರಣೆ ಎಂದು ಪಂಕ್ತಿಯಿಂದ ಎಬ್ಬಿಸಿ ಕಳಿಸಿದ್ದ. ಅಂಥದ್ದಕ್ಕೆ ಅವನಿಟ್ಟ ಹೆಸರು ‘ಚಿತ್ರ’! ಆ ಅವಮಾನವನ್ನು ಚಿತ್ರಗಾರರು ಈಗ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿರಬೇಕು. ಆದರೂ ಆ ಮಹಾನುಭಾವ ಕೇಳಿದ್ದು ಪದ್ಯದೊಳಗಿಂದಲೇ ಹೊಮ್ಮುವ ಧ್ವನಿಯನ್ನು. ನನ್ನಂಥವರು ಪಕ್ಕದ ಗೋಡೆಗೆ ಕಟ್ಟುತ್ತಿರುವುದು ಧ್ವನಿವರ್ಧಕ.

ಚೀಟಿಯ ಮಹಿಮೆ ತಿಳಿಯದವರು 2016ರ ಸ್ಯಾನ್ ಫ್ರಾನ್ಸಿಸ್ಕೊ ಪ್ರಸಂಗ ಕೇಳಬೇಕು. ಅಲ್ಲಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಹದಿಹರೆಯದ ಹುಡುಗರು ಗೋಡೆಯ ಚೀಟಿಯೊಂದರ ಕೆಳಗೆ ನೆಲದ ಮೇಲೆ ಕನ್ನಡಕವೊಂದನ್ನು ಇಟ್ಟು ದೂರ ನಿಂತರು. ಜನ ಸೇರಿದರು. ಒಬ್ಬರಂತೂ ನೆಲಕ್ಕೆ ಮೈಚಾಚಿ ಫೋಟೊ ತೆಗೆದರು. ಕನ್ನಡಕ ಹಾಕಿಕೊಂಡು ನೋಡುವ ವಸ್ತು ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ನೋಡುವುದೆಂದರೆ ಇನ್ನೊಂದು ಕತೆ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಮಾತೀಸನ ‘ದೋಣಿ’ ಎಂಬ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತು. ವಿಮರ್ಶಕರು ಬಂದರು, ಹೋದರು, ತಲೆದೂಗಿದರು. ಕೊನೆಗೆ ಕಂಡುಹಿಡಿದಾಕೆ ಷೇರು ದಲ್ಲಾಳಿ. ಮೇಲೆ ಹೋಗುವುದು ಯಾವುದು, ಕೆಳಗಿಳಿಯುವುದು ಯಾವುದು ಎಂದು ದಿನವಿಡೀ ನೋಡುವವಳಲ್ಲವೇ!

ಇನ್ನು ಜರ್ಮನಿಯ ಡಾರ್ಟ್‌ಮಂಡ್. 2011ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದ ಶುಚಿ ಕೆಲಸದಾಕೆ ಒಂದು ರಬ್ಬರ್ ತೊಟ್ಟಿಯನ್ನು ಹೊಳೆಯುವಂತೆ ಉಜ್ಜಿಟ್ಟಳು. ಅದು ಕಿಪ್ಪನ್‌ಬರ್ಗರ್ ಎಂಬ ಕಲಾವಿದನ ಕೃತಿಯ ಭಾಗ. ತಳದಲ್ಲಿ ನೀರು ಒಣಗಿದ ಗುರುತಿನ ಹಾಗೆ ಆತ ಬಣ್ಣ ಬಳಿದಿದ್ದ. ಕೃತಿಯ ಬೆಲೆ 8 ಲಕ್ಷ ಯೂರೊ. ಆಕೆ ಕಲೆಯನ್ನು ಕಲೆ ಎಂದುಕೊಂಡಳು. ಕನ್ನಡದಲ್ಲಿ ಆಕೆಯ ಮೇಲೆ ದೂರು ಬರೆಯುವುದೂ ಕಷ್ಟ, ಆಕೆಯ ಪರ ವಕೀಲರು ಅದೇ ವಾಕ್ಯವನ್ನು ಓದಿ ಗೆದ್ದುಬಿಡುತ್ತಾರೆ.

ಇರಲಿ, ನಿಂಬೆಹಣ್ಣಿಗೆ ಬರೋಣ. ರಾತ್ರಿ ಕೂತು ಕೊರೆದೆ. ಮೊದಲ ಹತ್ತು ಅಡಿಗೆ ‘ತಲ್ಲಣ’ ಸಿಕ್ಕಿತು. ಇನ್ನೊಂದಿಷ್ಟು ಇಳಿದರೆ ‘ಪಲ್ಲಟ’. ಕಲ್ಲು ಅಡ್ಡ ಬಂದಲ್ಲೆಲ್ಲ ‘ಮುಖಾಮುಖಿ’ ಹಾಕಿ ಒಡೆದೆ. ಎರಡು ಹಣ್ಣುಗಳ ನಡುವಿನ ಖಾಲಿ ಜಾಗ ‘ಆಧುನಿಕ ಮನುಷ್ಯನ ಅನಾಥಪ್ರಜ್ಞೆ’ ಆಯಿತು. ಹುಳಿಯಂತೂ ಇತಿಹಾಸದ ಹುಳಿ. ಕೊನೆಯ ಸಾಲು ನನಗೇ ಹೆಮ್ಮೆ ತಂದಿತು: ‘ಇಲ್ಲಿ ಇಲ್ಲದಿರುವಿಕೆಯೇ ಇರುವಿಕೆಯ ಪರಮ ರೂಪ.’ ಏನರ್ಥ ಎಂದು ಕೇಳಬೇಡಿ, ಅದಕ್ಕೆ ಬೇರೆ ದರ.

ಚಿತ್ರವನ್ನು ತಕ್ಷಣ ತೂಗುಹಾಕಿದರು. ಆರಂಭದ ದಿನ ಹೋಗಿದ್ದೆ. ಜನ ಚಿತ್ರದ ಮುಂದೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಚೀಟಿಯ ಮುಂದೆ ಕಾಲು ನೋಯುವಷ್ಟು ಹೊತ್ತು ನಿಂತರು. ಗೆಳೆಯ ಮೈಕ್ ಹಿಡಿದು, ಬರೆಯುವಾಗ ಅನಾಥಪ್ರಜ್ಞೆ ತನ್ನನ್ನು ಹೇಗೆ ಹಿಂಡಿತು ಎಂದು ಹೇಳುತ್ತಿದ್ದ. ಬಿಸಿಲು, ಹಳದಿ ಎಲ್ಲೂ ಬರಲಿಲ್ಲ. ಚಿತ್ರ ಮಾರಾಟವಾಯಿತು.

ನನ್ನ ಬಾಕಿ ಕೇಳಿದೆ. ನಗುತ್ತಾ ಲಕೋಟೆ ಕೊಟ್ಟ. ಮನೆಗೆ ಬಂದು ತೆರೆದರೆ ಖಾಲಿ.

ಡೆನ್ಮಾರ್ಕಿನ ಕಲಾವಿದ ಯೆನ್ಸ್ ಹಾನಿಂಗ್ ನೆನಪಾದ. 2021ರಲ್ಲಿ ವಸ್ತುಸಂಗ್ರಹಾಲಯವೊಂದು ಚೌಕಟ್ಟಿನಲ್ಲಿ ಜೋಡಿಸಲೆಂದು ಅಲ್ಲಿನ ದುಡ್ಡಿನಲ್ಲಿ 5 ಲಕ್ಷ 30 ಸಾವಿರ ಕ್ರೋನ್‌ಗೂ ಹೆಚ್ಚು ಬೆಲೆಯ ನೋಟುಗಳನ್ನು ಅವನ ಕೈಗೆ ಕೊಟ್ಟರೆ, ಆತ ‘ದುಡ್ಡು ತಗೊಂಡು ಓಡು’ ಎಂಬ ಹೆಸರಿನಲ್ಲಿ ಖಾಲಿ ಚೌಕಟ್ಟುಗಳನ್ನು ಕಳಿಸಿದ. ಅವರೋ ಅದನ್ನೇ ಪ್ರದರ್ಶನಕ್ಕಿಟ್ಟರು, ಆಮೇಲೆ ಕೋರ್ಟಿಗೂ ಹೋದರು. 2023ರಲ್ಲಿ ನ್ಯಾಯಾಲಯ, ಸಂಭಾವನೆಯಷ್ಟನ್ನು ಮುರಿದುಕೊಂಡು ಉಳಿದದ್ದನ್ನು ವಾಪಸು ಕೊಡು ಎಂದಿತು. ನೋಡಿ, ಕೋರ್ಟಿಗೂ ಸಂಭಾವನೆಯ ಬೆಲೆ ಗೊತ್ತು.

ಗೆಳೆಯನಿಗೆ ಫೋನ್ ಮಾಡಿದೆ. ‘ಏನೋ ಇದು, ಒಳಗೆ ಏನೂ ಇಲ್ಲ?’

ಅತ್ತ ಕಡೆ ದೀರ್ಘ ನಿಟ್ಟುಸಿರು. ‘ಇಲ್ಲದಿರುವಿಕೆಯೇ ಇರುವಿಕೆಯ ಪರಮ ರೂಪ ಕಣೋ. ಇನ್ನೂ ಸ್ವಲ್ಪ ಆಳಕ್ಕಿಳಿದು ನೋಡು.’