ರಾಜಿಗೆ ಮುಂಚೆ ಏಟು ತಿಂದವರನ್ನು ಕೇಳಿ

ಊರಿನ ಫೋನಿನಲ್ಲಿ ಮತ್ತೆ ಅದೇ ಮಾತು: "ಪಂಚಾಯಿತಿ ಸೇರಿಸಿದ್ರು, ತಪ್ಪು ಕಾಣಿಕೆ ಹಾಕಿಸಿದ್ರು, ರಾಜಿ ಆಯ್ತು." ಏಟು ತಿಂದವಳು ಏನಂದಳು ಎಂದು ಕೇಳಿದರೆ, "ಹಿರಿಯರು ಹೇಳಿದ ಮೇಲೆ ಅವಳದೇನು?" ಡೆನ್ಮಾರ್ಕಿನಲ್ಲಿ ಕೂತು ಇದನ್ನು ಕೇಳಿದರೆ ಮೈ ಉರಿಯುತ್ತದೆ.

ಪೊಲೀಸರ ಹಂಗಿಲ್ಲದೆ ಬದುಕಲು ಹೊರಟವರು ಇಲ್ಲೂ ಇದ್ದಾರೆ. ಕೋಪನ್‌ಹೇಗನ್ನಿನಲ್ಲಿ ನಿವಾಸಿಗಳೇ ಸಭೆ ಸೇರಿ ನಡೆಸಿಕೊಳ್ಳುವ ಬಡಾವಣೆ ಕ್ರಿಸ್ಟಿಯಾನಿಯಾ 1971ರಲ್ಲಿ ಖಾಲಿಬಿದ್ದ ಸೇನಾ ಬ್ಯಾರಕ್ಕುಗಳಲ್ಲಿ ಶುರುವಾಯಿತು. ಹಿಂಸೆ, ಆಯುಧ, ಹೆರಾಯಿನ್‌ನಂಥ ಮಾದಕ ವಸ್ತು ಮೂರೂ ನಿಷಿದ್ಧ. 1979ರಲ್ಲಿ ಹೆರಾಯಿನ್ ಹಾವಳಿ ಮಿತಿಮೀರಿದಾಗ ನಿವಾಸಿಗಳೇ 40 ದಿನ ಹಗಲೂ ರಾತ್ರಿ ಕಾವಲು ನಿಂತರು. ಮಾರುವವರನ್ನು ಹೊರಗಟ್ಟಿದರು; ವ್ಯಸನಿಗಳಿಗೆ ಚಿಕಿತ್ಸೆ, ಇಲ್ಲವೇ ಗೇಟು.

ಹೊಡೆದವನು ಇಂಥ ಸಮುದಾಯದ ಒಳಗಿನವನೇ ಆದರೆ ಕೆಲಸ ಇನ್ನೂ ನಾಜೂಕು. ಮೊದಲು ಇಬ್ಬರ ವಾಸ ಬೇರೆಯಾಗಬೇಕು. ಒಂದೇ ಸೂರಿನಡಿ ಇಟ್ಟು ಮಾತಿಗೆ ಕೂರಿಸಿದರೆ ಅದು ಒತ್ತಡವಷ್ಟೆ. ಆಮೇಲೆ ಮಧ್ಯಸ್ಥರು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕಾಣಬೇಕು. ಎದುರುಬದುರು ಕೂರಬೇಕೇ ಎಂಬುದನ್ನು ನೊಂದವರೇ ಹೇಳಬೇಕು, ಜೊತೆಗೆ ತಮ್ಮವರನ್ನು ಕರೆತರಬೇಕು, ಬೇಡವೆನಿಸಿದ ಕ್ಷಣ ಎದ್ದುಹೋಗಬಹುದು. ಕೊನೆಗೆ ಬರಹದಲ್ಲಿ ಒಪ್ಪಂದ. "ಇನ್ಮೇಲೆ ಸರಿಯಾಗಿರ್ತೀನಿ" ಎಂಬ ಸಾಲು ಯಾವ ಕೆಲಸಕ್ಕೂ ಬಾರದು. ಎಲ್ಲಿಯವರೆಗೆ ಮನೆಯಿಂದ ದೂರ, ಸಾಮೂಹಿಕ ಅಡುಗೆಮನೆಗೆ ಯಾವ ಹೊತ್ತಿನಲ್ಲಿ ಬರಬಹುದು, ವಾರವಾರ ವಿಚಾರಿಸುವವರು ಯಾರು, ಮುರಿದರೆ ಏನು ಎಂದು ಬರೆಯಬೇಕು. ಹೊಡೆದವನು ಎಲ್ಲರಿಗೂ ಬೇಕಾದವನಾಗಿದ್ದರೆ ಇದೆಲ್ಲ ಅಲ್ಲೇ ಕುಸಿಯುತ್ತದೆ. ಸರ್ವಸಮ್ಮತಿಯ ಸಭೆಯಲ್ಲಂತೂ ಅವನ ಇಬ್ಬರು ಗೆಳೆಯರು ಅಡ್ಡಬಿದ್ದರೆ ಸಾಕು, ಹೊರಹಾಕುವ ತೀರ್ಮಾನ ನಿಂತುಹೋಗುತ್ತದೆ.

ಡ್ಯಾನಿಶ್ ಸರ್ಕಾರವೂ 2010ರಿಂದ ದೇಶದಾದ್ಯಂತ ಇಂಥ ಮಾತುಕತೆಗೆ ಕಾಯ್ದೆಯ ವ್ಯವಸ್ಥೆ ಮಾಡಿದೆ. ಇಬ್ಬರೂ ಒಪ್ಪಿದರೆ ಮಾತ್ರ ನಡೆಯುತ್ತದೆ, ಮತ್ತು ಅದು ಶಿಕ್ಷೆಗೆ ಬದಲಿಯಲ್ಲ. ನಮ್ಮ ಕಟ್ಟೆಯ ಮೇಲೆ ರಾಜಿಯೆಂದರೆ ಕೇಸಿಲ್ಲ ಎಂದೇ ಅರ್ಥ.

ಒಪ್ಪಿಕೊಳ್ಳಲೇಬೇಕಾದದ್ದೂ ಇದೆ. ಗಾಂಜಾ ವ್ಯಾಪಾರದ ಗ್ಯಾಂಗುಗಳ ಮುಂದೆ ಕ್ರಿಸ್ಟಿಯಾನಿಯಾ ಸೋತಿತು. ಕಳೆದುಕೊಳ್ಳಲು ಅಲ್ಲಿ ಮನೆಯೂ ಇಲ್ಲ, ನೆರೆಹೊರೆಯೂ ಇಲ್ಲ ಎನ್ನುವವನಿಗೆ ಸಭೆಯ ಮಾತು ತಾಗದು. 2016ರ ಗುಂಡಿನ ದಾಳಿಯ ನಂತರ ನಿವಾಸಿಗಳು ಗಾಂಜಾ ಮಳಿಗೆಗಳನ್ನು ಕಿತ್ತರು, ಮಾರುವವರು ಮರಳಿದರು. 2023ರಲ್ಲಿ ಮತ್ತೆ ಕೊಲೆಯಾಯಿತು. 2024ರ ಏಪ್ರಿಲ್‌ನಲ್ಲಿ ಗಾಂಜಾ ಮಾರುತ್ತಿದ್ದ ಬೀದಿಯಾದ ಪುಶರ್ ಸ್ಟ್ರೀಟಿನ ಕಲ್ಲುಗಳನ್ನೇ ನಿವಾಸಿಗಳು ಅಗೆದು ತೆಗೆದರು, ಅದೂ ಸರ್ಕಾರ, ಪೊಲೀಸರ ಬೆಂಬಲದಿಂದ.

ಇನ್ನೊಂದು ಮಾತು. ಇಲ್ಲಿನ ಮಧ್ಯಸ್ಥಿಕೆಗೆ ವಾರಗಟ್ಟಲೆ ಕಾಯಬೇಕು. ನಮ್ಮಲ್ಲಿ ಚೀರಿದ ಸದ್ದಿಗೆ ಅಕ್ಕಪಕ್ಕದವರು ಓಡಿಬರುತ್ತಾರೆ, ಅದೇ ಸಂಜೆ ಜನ ಸೇರುತ್ತಾರೆ. ಸೇರಿದ ಆ ಜನ ಮೊದಲು ಅವಳಿಗೆ ಬೇರೆ ಮನೆ ನೋಡಲಿ, ಅವಳು ಹೆಸರಿಸಿದ ಇಬ್ಬರನ್ನು ಕಟ್ಟೆಯ ಮೇಲೆ ಕೂರಿಸಲಿ, ಠಾಣೆಗೆ ಹೋಗುತ್ತೇನೆ ಎಂದರೆ ದಾರಿ ಬಿಡಲಿ.