ಜೊಕೊವಿಚ್‌ಗೆ 25ನೇದು ಸಿಗುತ್ತಾ?

ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ಗಳಲ್ಲಿ 24 ಸಿಂಗಲ್ಸ್ ಪ್ರಶಸ್ತಿ ಗೆದ್ದ ಜೊಕೊವಿಚ್ ಒಂದು ಮ್ಯಾಚ್ ಸೋತರೆ ಸಾಕು, ನಮ್ಮ ಶಟಲ್ ಗ್ರೂಪಿನಲ್ಲಿ ಒಬ್ಬರಾದರೂ 'ಸಾಕಪ್ಪ, ಮರ್ಯಾದೆಯಾಗಿ ನಿವೃತ್ತಿ ತಗೋಬಾರದಾ' ಅಂತ ಬರೆಯುತ್ತಾರೆ. ಹೀಗೆ ಬರೆಯುವವರು ಭಾನುವಾರ ಎರಡು ಗೇಮ್ ಆಡಿ, ಸೋಮವಾರ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುವವರು. ನಾನೂ ಅದೇ ಪೈಕಿ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಆ ಸೋಮವಾರದಲ್ಲೇ ಇಡೀ ವಿಷಯ ಇದೆ ಅನ್ನಿಸುತ್ತದೆ. ವಯಸ್ಸಾದರೆ ಆಟ ಮರೆತುಹೋಗುವುದಿಲ್ಲ. ಆದರೆ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಅಂದರೆ ಎರಡು ವಾರದಲ್ಲಿ ಏಳು ಮ್ಯಾಚ್, ಗಂಡಸರಿಗೆ ಒಂದೊಂದೂ ಐದು ಸೆಟ್‌ವರೆಗೆ ಎಳೆಯಬಹುದು. ಇವತ್ತು ಹೇಗೋ ಗೆಲ್ಲಬಹುದು. ನಾಳಿದ್ದು ಮತ್ತೆ ಅದೇ ಕಾಲು ಎಳೆದುಕೊಂಡು ಬರಬೇಕಲ್ಲ!

2025ರ ಆಸ್ಟ್ರೇಲಿಯನ್ ಓಪನ್ ನೆನಪಿದೆಯಾ? ಕ್ವಾರ್ಟರ್ ಫೈನಲ್‌ನಲ್ಲಿ ಅಲ್ಕರಾಜ್‌ನನ್ನು ಸೋಲಿಸಿದ, ಅದೂ ತೊಡೆಯ ಸ್ನಾಯು ಕೈಕೊಟ್ಟು, ಮೊದಲ ಸೆಟ್ ಕಳೆದುಕೊಂಡ ಮೇಲೆ. ಜೊಕೊವಿಚ್ ವೃತ್ತಿಪರ ಆಟಕ್ಕೆ ಇಳಿದ 2003ರಲ್ಲಿ ಹುಟ್ಟಿದ ಹುಡುಗ ಈ ಅಲ್ಕರಾಜ್. ಸೆಮಿಫೈನಲ್‌ನಲ್ಲಿ ಜ್ವೆರೆವ್ ಎದುರು ಒಂದೇ ಸೆಟ್, ಅದನ್ನೂ ಟೈಬ್ರೇಕರ್‌ನಲ್ಲಿ (6-6 ಸಮ ಆದಾಗ ಆಡುವ ನಿರ್ಣಾಯಕ ಗೇಮ್) ಸೋತು, ಕೈಕುಲುಕಿ ಹೊರಟ. ಕೆಲವರು ಕೂಗಿ ಗೇಲಿ ಮಾಡಿದರು, ನಾಚಿಕೆ ಆಗಬೇಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯುಎಸ್ ಓಪನ್ ಸೆಮಿಯಲ್ಲಿ ಅದೇ ಅಲ್ಕರಾಜ್ ಎದುರು 6-4, 7-6, 6-2ರಲ್ಲಿ ಸೋತ. ಎರಡನೇ ಸೆಟ್‌ವರೆಗೆ ಸರಿಸಮ, ಆಮೇಲೆ ಪೆಟ್ರೋಲ್ ಖಾಲಿ.

ಇದಕ್ಕಿಂತ ಒಳ್ಳೆಯ ಸಾಕ್ಷಿ 2024ರದ್ದು. ವಿಂಬಲ್ಡನ್ ಫೈನಲ್‌ನಲ್ಲಿ ಅಲ್ಕರಾಜ್ ಅವನನ್ನು ಮೊದಲೆರಡು ಸೆಟ್ 6-2, 6-2ರಲ್ಲಿ ಅರೆದುಬಿಟ್ಟ. ಸರಿಯಾಗಿ ಮೂರು ವಾರಕ್ಕೆ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್, ಮತ್ತೆ ಅವರಿಬ್ಬರೇ. ಅಲ್ಲಿ ಮೂರು ಸೆಟ್ ಆಟ, ಎರಡು ಗೆದ್ದರೆ ಸಾಕು. ಎರಡೂ ಸೆಟ್ ಟೈಬ್ರೇಕರ್‌ಗೆ ಹೋಗಿ, ಎರಡೂ ಮುದುಕನದ್ದೇ! 37 ವರ್ಷಕ್ಕೆ ಚಿನ್ನ.

ಫೆಡರರ್ 35ನೇ ವಯಸ್ಸಿಗೆ ಗ್ರ್ಯಾನ್‌ಸ್ಲಾಮ್ ಗೆಲ್ಲಲಿಲ್ವಾ ಅಂತೀರಾ? ಗೆದ್ದ, 36ಕ್ಕೂ ಗೆದ್ದ. ಆದರೆ 2017ರ ಆಸ್ಟ್ರೇಲಿಯನ್ ಓಪನ್‌ಗೆ ಮುಂಚೆ ಆರು ತಿಂಗಳು ಆಟ ಬಿಟ್ಟು ಮಂಡಿ ಸರಿಮಾಡಿಕೊಂಡು ಬಂದಿದ್ದ. 2019ರ ವಿಂಬಲ್ಡನ್ ಫೈನಲ್, ಇದೇ ಜೊಕೊವಿಚ್ ಎದುರು, 8-7, 40-15, ತನ್ನದೇ ಸರ್ವ್, ಒಂದೇ ಪಾಯಿಂಟ್ ಬಾಕಿ, ಆದರೂ ಸೋತ... ಬೇಡ ಬಿಡಿ, ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಹೆಸರು ತರುತ್ತಾರೆ. ನನಗೂ ಹೆಮ್ಮೆ ಇದೆ. ಮಂಡಿ ಸವೆದುಹೋಗಿ, ಅಯ್ಯಂಗಾರ್ ಯೋಗದಿಂದ ಕಾಲು ಗಟ್ಟಿಮಾಡಿಕೊಂಡು, 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯಾದ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದವರು. ಆದರೆ ಅದು ಡಬಲ್ಸ್ ಕಣ್ರೀ. ಓಡುವುದು ಅರ್ಧ ಕೋರ್ಟ್, ಆಟ ಮೂರು ಸೆಟ್, ಅವರಂಥ ಸರ್ವ್ ಇದ್ದರೆ ಪಾಯಿಂಟ್ ನಾಲ್ಕು ಹೊಡೆತಕ್ಕೆ ಮುಗಿಯುತ್ತದೆ. ಸಿಂಗಲ್ಸ್‌ನಲ್ಲಿ ಓಪನ್ ಯುಗದ (1968ರಿಂದ ಈಚೆಗಿನ) ಹಿರಿಯ ಗ್ರ್ಯಾನ್‌ಸ್ಲಾಮ್ ಚಾಂಪಿಯನ್ ಅಂದರೆ ಕೆನ್ ರೋಸ್‌ವಾಲ್, 37ಕ್ಕೆ ಗೆದ್ದದ್ದು, ಅದೂ 1972ರಲ್ಲಿ.

ಹಾಗಾಗಿ 25ನೇದು ಕಷ್ಟ ಅಂತಲೇ ನನ್ನ ಲೆಕ್ಕ. ಇಟಲಿಯ ಹುಡುಗ ಸಿನ್ನರ್, ಅಲ್ಕರಾಜ್ ಇಬ್ಬರೂ ಬೇಗ ಸೋತು ಮನೆಗೆ ಹೋಗಿ, ಇವನ ಮೊದಲ ವಾರ ಬೆವರಿಲ್ಲದೆ ಕಳೆದರೆ ಮಾತು ಬೇರೆ. ಅದಕ್ಕೆ ನಿವೃತ್ತಿ ಆಗಬೇಕಾ? 2025ರಲ್ಲಿ ನಾಲ್ಕೂ ಸ್ಲಾಮ್‌ನ ಸೆಮಿಗೆ ಬಂದವನು ಅವನು. ಸೆಮಿಯಲ್ಲಿ ಸೋತವನು ರ‍್ಯಾಕೆಟ್ ಕೆಳಗಿಡಬೇಕು ಅನ್ನುವುದಾದರೆ, ಅದೇ ವರ್ಷ ಕ್ವಾರ್ಟರ್‌ನಲ್ಲಿ ಅವನ ಕೈಲಿ ಸೋತ ಜ್ವೆರೆವ್, ಕೊಬೊಲ್ಲಿ, ಫ್ರಿಟ್ಜ್ ಏನು ಮಾಡಬೇಕು ಹೇಳಿ?