ಕೋರ್ಸಿಗಿಂತ ಮೊದಲು ಮೂಲಪಠ್ಯ: ಐರೋಪ್ಯ ಕಾನೂನನ್ನು ಸ್ವಂತವಾಗಿ ಕಲಿಯುವ ವಕೀಲರಿಗೆ

ಐರೋಪ್ಯ ಒಕ್ಕೂಟದ ಕಾನೂನು ಕಲಿಯಬೇಕು, ಯಾವ ಆನ್‌ಲೈನ್ ಕೋರ್ಸ್ ಸೇರಲಿ ಎಂದು ಕೇಳುವ ವಕೀಲರು ಈಗ ಬಹಳ. ಬೆಂಗಳೂರಿನಲ್ಲಿ ಕೂತು ಯುರೋಪಿನ ಕಂಪನಿಗಳ ಡೇಟಾ ಒಪ್ಪಂದ ನೋಡುವವರಿದ್ದಾರೆ. ಜರ್ಮನಿ, ಐರ್ಲೆಂಡ್, ನೆದರ್ಲೆಂಡ್ಸ್‌ಗಳಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇರುವ ಕನ್ನಡಿಗರಿದ್ದಾರೆ. ಕೋರ್ಸಿನ ಹೆಸರು ಹೇಳುವುದು ಸುಲಭ, ಕೆಳಗೆ ಹೇಳಿಯೂ ಇದ್ದೇನೆ. ಆದರೆ ಕೋರ್ಸಿನಿಂದ ಶುರು ಮಾಡುವುದೇ ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೇರ್ ಆಕ್ಟ್, ಅಂದರೆ ಶಾಸನದ ಮೂಲಪಠ್ಯ, ಮುಟ್ಟದೆ ಗೈಡ್ ಓದಿ ಪಾಸಾದವರು ಕೋರ್ಟ್ ಹಾಲಿನಲ್ಲಿ ತಡವರಿಸುವ ಹಾಗೆಯೇ, ವೀಡಿಯೊ ನೋಡಿ ಸರ್ಟಿಫಿಕೇಟ್ ಪಡೆದವರು ಮೊದಲ ಫೈಲು ಮೇಜಿಗೆ ಬಂದ ದಿನ ತಡವರಿಸುತ್ತಾರೆ.

ಐರೋಪ್ಯ ಕಾನೂನಿನ ಬೇರ್ ಆಕ್ಟ್ ಅಂದರೆ ಯೂರ್-ಲೆಕ್ಸ್, ಒಕ್ಕೂಟದ ಕಾನೂನುಗಳ ಅಧಿಕೃತ ಜಾಲತಾಣ. ಪೂರ್ತಿ ಉಚಿತ, 24 ಅಧಿಕೃತ ಭಾಷೆಗಳಲ್ಲಿ ಇದೆ. ಮೊದಲ ವಾರ ಇದನ್ನು ಬಳಸುವುದನ್ನಷ್ಟೇ ಕಲಿಯಿರಿ. ಪ್ರತಿ ದಾಖಲೆಗೂ ಒಂದು ಸೆಲೆಕ್ಸ್ ನಂಬರ್ ಇರುತ್ತದೆ. ವೈಯಕ್ತಿಕ ಡೇಟಾ ರಕ್ಷಣೆಯ ಐರೋಪ್ಯ ಕಾನೂನು ಜಿಡಿಪಿಆರ್‌ನದು 32016ಆರ್0679. ಮೊದಲ ಅಂಕಿ 3 ಅಂದರೆ ಶಾಸನ, ಮುಂದಿನ ನಾಲ್ಕು ಅಂಕಿ ಅದರ ಇಸವಿ, ಆರ್ ಅಂದರೆ ರೆಗ್ಯುಲೇಶನ್ (ಸದಸ್ಯ ದೇಶಗಳಿಗೆ ನೇರವಾಗಿ ಅನ್ವಯವಾಗುವ ಶಾಸನ), ಕೊನೆಯ ನಾಲ್ಕು ಅದರ ಕ್ರಮಸಂಖ್ಯೆ. ಆರ್ ಜಾಗದಲ್ಲಿ ಎಲ್ ಇದ್ದರೆ ಡೈರೆಕ್ಟಿವ್, ಅಂದರೆ ಪ್ರತಿ ದೇಶವೂ ತನ್ನ ಕಾನೂನಿಗೆ ಇಳಿಸಿಕೊಳ್ಳಬೇಕಾದದ್ದು. ಮೊದಲ ಅಂಕಿ 6 ಆಗಿದ್ದರೆ ನ್ಯಾಯಾಲಯದ ತೀರ್ಪು, 1 ಆಗಿದ್ದರೆ ಮೂಲ ಒಪ್ಪಂದ. ಇಷ್ಟು ಗೊತ್ತಿದ್ದರೆ ಹುಡುಕಾಟದ ಅರ್ಧ ಸಮಯ ಉಳಿಯುತ್ತದೆ.

ಮೊದಲ ಅಂಕಿ 0 ಆಗಿದ್ದರೆ ಎಚ್ಚರ. ಅದು ತಿದ್ದುಪಡಿಗಳನ್ನೆಲ್ಲ ಸೇರಿಸಿದ ಕ್ರೋಡೀಕೃತ ಪಠ್ಯ. ಓದಲು ಅದೇ ಅನುಕೂಲ, ಅದನ್ನೇ ಓದಿ. ಆದರೆ ಅದಕ್ಕೆ ಕಾನೂನಿನ ಬಲ ಇಲ್ಲ. ಅರ್ಜಿಯಲ್ಲಿ ಉಲ್ಲೇಖಿಸಬೇಕಾದ್ದು ಅಧಿಕೃತ ಗೆಜೆಟ್ಟಿನ ಪಠ್ಯವನ್ನು. 2013ರ ಜುಲೈ 1ರಿಂದ ಆ ಗೆಜೆಟ್ಟಿನ ಎಲೆಕ್ಟ್ರಾನಿಕ್ ಆವೃತ್ತಿಗೇ ಅಧಿಕೃತ ಮಾನ್ಯತೆ ಇದೆ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ: ಜಾರಿಗೆ ಬಂದ ದಿನ ಬೇರೆ, ಅನ್ವಯವಾಗುವ ದಿನ ಬೇರೆ. ಜಿಡಿಪಿಆರ್ ಜಾರಿಗೆ ಬಂದದ್ದು 2016ರ ಮೇ 24ರಂದು, ಅನ್ವಯವಾದದ್ದು 2018ರ ಮೇ 25ರಿಂದ. ಉತ್ತರಾಧಿಕಾರದ 650/2012 ರೆಗ್ಯುಲೇಶನ್ 2015ರ ಆಗಸ್ಟ್ 17ರಂದು ಅಥವಾ ಆಮೇಲೆ ತೀರಿಕೊಂಡವರ ಆಸ್ತಿಗೆ ಮಾತ್ರ. ಯಾವ ಶಾಸನ ತೆರೆದರೂ ಮೊದಲು ಕೊನೆಯ ವಿಧಿಗಳಿಗೆ ಹೋಗಿ ದಿನಾಂಕ ನೋಡಿ, ಆಮೇಲೆ 1ನೇ ವಿಧಿಗೆ ಬನ್ನಿ.

ಈಗ ಕಲಿಕೆಯ ಸಾಮಗ್ರಿ. ಯುರೋಪಿಯನ್ ಇ-ಜಸ್ಟಿಸ್ ಪೋರ್ಟಲ್‌ನಲ್ಲಿ ಒಕ್ಕೂಟದ ಹಣದಿಂದ ತಯಾರಾದ ತರಬೇತಿ ಸಾಮಗ್ರಿ ಸಿಗುತ್ತದೆ. ಕೆಲವದರಲ್ಲಿ ತರಬೇತುದಾರರಿಗೆಂದು ಬೇರೆ ಕೈಪಿಡಿ ಇರುತ್ತದೆ. ಸ್ವಂತವಾಗಿ ಕಲಿಯುವವರು ಅದನ್ನೂ ಇಳಿಸಿಕೊಳ್ಳಬೇಕು, ಸಮಸ್ಯೆಗಳ ಉತ್ತರ ಇರುವುದು ಅಲ್ಲಿ. ಟ್ರಿಯರ್ ನಗರದ ಐರೋಪ್ಯ ಕಾನೂನು ಅಕಾಡೆಮಿ, ಅಂದರೆ ಇಆರ್‌ಎ, 1992ರಲ್ಲಿ ಹುಟ್ಟಿದ್ದು. ಅಲ್ಲಿನ ಪಾಠ ಗಟ್ಟಿ, ಆದರೆ ಹಲವಕ್ಕೆ ಶುಲ್ಕ ಇದೆ. ತರಬೇತಿಗೆಂದೇ ಇರುವ ಇಜೆಟಿಎನ್ ಮುಖ್ಯವಾಗಿ ನ್ಯಾಯಾಧೀಶರು ಮತ್ತು ಪ್ರಾಸಿಕ್ಯೂಟರ್‌ಗಳ ಜಾಲ. ಕೌನ್ಸಿಲ್ ಆಫ್ ಯುರೋಪಿನ ‘ಹೆಲ್ಪ್’ ಹೆಸರಿನ ಕೋರ್ಸುಗಳು ಉಚಿತ, ಒಂದು ಖಾತೆ ತೆರೆದರೆ ಸಾಕು. ಆದರೆ ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಕೌನ್ಸಿಲ್ ಆಫ್ ಯುರೋಪ್ ಬೇರೆ, ಐರೋಪ್ಯ ಒಕ್ಕೂಟ ಬೇರೆ. ಮೊದಲನೆಯದಕ್ಕೆ 46 ಸದಸ್ಯರು, ಅದರ ಮಾನವ ಹಕ್ಕು ನ್ಯಾಯಾಲಯ ಸ್ಟ್ರಾಸ್‌ಬರ್ಗ್‌ನಲ್ಲಿ. ಎರಡನೆಯದಕ್ಕೆ 27 ಸದಸ್ಯರು, ಅದರ ನ್ಯಾಯಾಲಯ ಲಕ್ಸೆಂಬರ್ಗ್‌ನಲ್ಲಿ. ಸ್ಟ್ರಾಸ್‌ಬರ್ಗ್ ತೀರ್ಪನ್ನು ಒಕ್ಕೂಟದ ತೀರ್ಪು ಎಂದು ಬರೆದ ಒಂದೇ ಸಾಲು ಸಾಕು, ಓದುವವರಿಗೆ ನಿಮ್ಮ ಮೇಲಿನ ನಂಬಿಕೆ ಹೋಗಲು.

ಉಚಿತ ಸಾಮಗ್ರಿಯ ದೊಡ್ಡ ತೊಂದರೆ ಅದು ಹಳತಾಗುವುದು. ಪಿಡಿಎಫ್ ಹಾಗೇ ಬಿದ್ದಿರುತ್ತದೆ, ಕಾನೂನು ಮುಂದೆ ಹೋಗಿರುತ್ತದೆ. ಕೈಗೆ ಸಿಕ್ಕ ಪಾಠ ಹಳೆಯದೋ ಹೊಸದೋ ತಿಳಿಯಲು ಕೆಲವು ಗುರುತುಗಳಿವೆ. ನ್ಯಾಯವ್ಯಾಪ್ತಿಗೆ, ಅಂದರೆ ಯಾವ ದೇಶದ ಕೋರ್ಟು ಎಂಬುದಕ್ಕೆ, 44/2001 ರೆಗ್ಯುಲೇಶನ್ ಎಂದಿದ್ದರೆ ಅದು ಹಳೆಯದು, 2015ರ ಜನವರಿ 10ರಿಂದ ಆ ಜಾಗದಲ್ಲಿ 1215/2012 ಇದೆ. ವಿವಾಹ ಮತ್ತು ಮಕ್ಕಳ ಪಾಲನೆಗೆ 2201/2003 ಎಂದಿದ್ದರೆ, 2022ರ ಆಗಸ್ಟ್ 1ರಿಂದ 2019/1111 ಬಂದಿದೆ. ಸಣ್ಣ ಮೊತ್ತದ ದಾವೆಯ ಮಿತಿ 2000 ಯೂರೊ ಎಂದಿದ್ದರೆ ಅದು 2017ರ ಜುಲೈಗಿಂತ ಮುಂಚಿನದು, ಈಗ 5000. ಹಳೆಯ ತೀರ್ಪುಗಳಲ್ಲಿ ಮೂಲ ಒಪ್ಪಂದದ 177ನೇ ವಿಧಿ, 234ನೇ ವಿಧಿ ಎಂದು ಬರುವುದೂ ಈಗಿನ 267ನೇ ವಿಧಿಯೂ ಒಂದೇ, ದೇಶದ ಕೋರ್ಟು ಲಕ್ಸೆಂಬರ್ಗ್‌ಗೆ ಪ್ರಶ್ನೆ ಕಳಿಸುವ ವಿಧಿ. ಹಾಗೆಂದು ಹಳೆಯ ಪಠ್ಯ ಎಸೆಯಬೇಡಿ. ಹೊಸ ರೆಗ್ಯುಲೇಶನ್ನಿನ ಅನುಬಂಧದಲ್ಲಿ ಹಳೆಯ ವಿಧಿಗೆ ಹೊಸದು ಯಾವುದು ಎಂಬ ಕೋಷ್ಟಕ ಸಾಮಾನ್ಯವಾಗಿ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಹಳೆಯ ಪಾಠವನ್ನು ನೀವೇ ತಿದ್ದಿ. ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಕಂಡಿಲ್ಲ.

ಇನ್ನು ನಿಜವಾದ ಕಲಿಕೆ, ಅಂದರೆ ಒಂದು ಸಮಸ್ಯೆ ಇಟ್ಟುಕೊಂಡು ಪಠ್ಯದೊಳಗೆ ಇಳಿಯುವುದು. ಬರ್ಲಿನ್ನಿನ ವ್ಯಾಪಾರಿ ಲಿಯೋನ್ ನಗರದ ವ್ಯಾಪಾರಿಗೆ 4200 ಯೂರೊ ಮಾಲು ಮಾರಿದ್ದಾನೆ, ಹಣ ಬಂದಿಲ್ಲ ಅಂದುಕೊಳ್ಳಿ. ದಾವೆ ಎಲ್ಲಿ ಹೂಡಬೇಕು? 1215/2012ರ 4ನೇ ವಿಧಿಯ ಪ್ರಕಾರ ಪ್ರತಿವಾದಿ ಇರುವ ಫ್ರಾನ್ಸ್‌ನಲ್ಲಿ. 7(1)ನೇ ವಿಧಿಯ ಪ್ರಕಾರ ಮಾಲು ತಲುಪಿಸಿದ ಅಥವಾ ತಲುಪಿಸಬೇಕಿದ್ದ ಜಾಗದಲ್ಲೂ ಹೂಡಬಹುದು. ಇಬ್ಬರೂ ಒಪ್ಪಿ ಒಂದು ಕೋರ್ಟನ್ನು ಬರೆದುಕೊಂಡಿದ್ದರೆ 25ನೇ ವಿಧಿ ಮೊದಲು. ಹಾಗೆ ಬರೆದಿಲ್ಲ, ಆದರೆ ಇನ್‌ವಾಯ್ಸಿನ ಮೂಲೆಯಲ್ಲಿ ‘ಎಕ್ಸ್ ವರ್ಕ್ಸ್ ಬರ್ಲಿನ್’ ಎಂಬ ಮೂರು ಪದ ಇದೆ, ಅಂದರೆ ಮಾಲನ್ನು ಮಾರುವವನ ಜಾಗದಿಂದ ಕೊಳ್ಳುವವನೇ ಒಯ್ಯಬೇಕು ಎಂಬ ವಾಣಿಜ್ಯ ಪದ. ಆಗ ಏನು? 2011ರ ಎಲೆಕ್ಟ್ರೊಸ್ಟೀಲ್ ತೀರ್ಪು, ಸಿ-87/10, ಇಂಥ ವಾಣಿಜ್ಯ ಪದಗಳನ್ನೂ ಪರಿಗಣಿಸಬೇಕು ಎನ್ನುತ್ತದೆ. ಆ ಪದ ಬರೀ ಖರ್ಚು ಮತ್ತು ನಷ್ಟದ ಹೊಣೆ ಹಂಚುತ್ತದೆಯೋ, ಮಾಲು ಒಪ್ಪಿಸುವ ಜಾಗವನ್ನೂ ಗೊತ್ತು ಮಾಡುತ್ತದೆಯೋ ಎಂದು ಕೋರ್ಟು ನೋಡುತ್ತದೆ. ಎರಡನೆಯದಾದರೆ ಬರ್ಲಿನ್ನಿನವನು ತನ್ನ ಊರಿನಲ್ಲೇ ದಾವೆ ಹಾಕಬಹುದು.

ಅನ್ವಯಿಸುವ ಕಾನೂನು ಯಾವುದು ಎಂದರೆ ಹೆಚ್ಚಿನವರು ರೋಮ್ 1 ರೆಗ್ಯುಲೇಶನ್ ತೆರೆದು 4ನೇ ವಿಧಿಗೆ ನಿಂತುಬಿಡುತ್ತಾರೆ: ಮಾರುವವನ ದೇಶದ ಕಾನೂನು, ಅಂದರೆ ಜರ್ಮನಿಯದು. ಅಲ್ಲಿಗೆ ಮುಗಿಯಲಿಲ್ಲ. ಜರ್ಮನಿ, ಫ್ರಾನ್ಸ್ ಎರಡೂ 1980ರ ವಿಯೆನ್ನಾ ಮಾರಾಟ ಒಪ್ಪಂದಕ್ಕೆ ಸೇರಿದ ದೇಶಗಳು. ಅದನ್ನು ಬೇಡ ಎಂದು ಬರೆದುಕೊಂಡಿಲ್ಲದಿದ್ದರೆ ಈ ಮಾರಾಟಕ್ಕೆ ಅದೇ ಅನ್ವಯ. ಕೋರ್ಸಿನ ಒಂದು ಪಾಠ ನ್ಯಾಯವ್ಯಾಪ್ತಿಯದು, ಇನ್ನೊಂದು ಅನ್ವಯಿಸುವ ಕಾನೂನಿನದು. ಎರಡರ ನಡುವೆ ಬೀಳುವ ಇಂಥ ಸಂಗತಿ ಯಾವ ಪಾಠದಲ್ಲೂ ಸಿಗದೆ ಹೋಗುತ್ತದೆ.

ಮುಂದೆ ಫಾರಂ. ಮೊತ್ತ ಬಡ್ಡಿ, ಖರ್ಚು ಬಿಟ್ಟು 5000 ಯೂರೊ ಒಳಗಿರುವುದರಿಂದ 861/2007ರ ಸಣ್ಣ ದಾವೆಯ ದಾರಿ ಇದೆ. 1896/2006ರ ಪಾವತಿ ಆದೇಶದ ದಾರಿಯೂ ಇದೆ, ಅದಕ್ಕೆ ಮೊತ್ತದ ಮಿತಿ ಇಲ್ಲ. ಆದರೆ ಪ್ರತಿವಾದಿ 30 ದಿನದೊಳಗೆ ಕಾರಣವನ್ನೇ ಕೊಡದೆ ತಕರಾರು ಹಾಕಿದರೂ ಸಾಕು, ಆ ಆದೇಶ ಬಿದ್ದುಹೋಗುತ್ತದೆ. ತಕರಾರು ಬರುವುದು ಖಂಡಿತ ಎನಿಸಿದರೆ ಸಣ್ಣ ದಾವೆಯೇ ಮೇಲು. ಎರಡಕ್ಕೂ ಅರ್ಜಿ ಫಾರಂ ‘ಎ’ ಇ-ಜಸ್ಟಿಸ್ ಪೋರ್ಟಲ್‌ನಲ್ಲಿದೆ. ಒಮ್ಮೆ ಪೂರ್ತಿ ತುಂಬಿ ನೋಡಿ. ಬಡ್ಡಿ ಯಾವ ದಿನದಿಂದ, ಯಾವ ದರ, ಸಾಕ್ಷ್ಯ ಏನು ಎಂಬ ಕಾಲಮ್ಮುಗಳಲ್ಲಿ ಕೈ ನಿಂತುಹೋಗುತ್ತದೆ. ನಿಮಗೆ ಗೊತ್ತಿಲ್ಲದ್ದು ಯಾವುದು ಎಂದು ತಿಳಿಯುವುದು ಆಗ. ಇದೇ ಸಮಸ್ಯೆಯನ್ನು ಲಿಯೋನ್ ಬದಲು ಕೋಪನ್‌ಹೇಗನ್ ಎಂದಿಟ್ಟು ಮತ್ತೆ ಮಾಡಿ. ಈ ಎರಡೂ ವಿಧಾನಗಳಿಗೆ ಡೆನ್ಮಾರ್ಕ್ ಸೇರಿಲ್ಲ.

ತೀರ್ಪು ಓದುವಾಗ ಕೊನೆಯ ಆದೇಶ ಭಾಗ ಮೊದಲು, ಆಮೇಲೆ ಕೇಳಿದ ಪ್ರಶ್ನೆ, ಆಮೇಲೆ ಸಂಗತಿ, ಕೊನೆಗೆ ತರ್ಕ. ಅಡ್ವೊಕೇಟ್ ಜನರಲ್ (ಇಲ್ಲಿ ಸರ್ಕಾರದ ವಕೀಲರಲ್ಲ, ಲಕ್ಸೆಂಬರ್ಗ್ ನ್ಯಾಯಾಲಯಕ್ಕೇ ಸ್ವತಂತ್ರ ಸಲಹೆ ಕೊಡುವವರು) ಅಭಿಪ್ರಾಯ ನ್ಯಾಯಾಲಯವನ್ನು ಕಟ್ಟಿಹಾಕುವುದಿಲ್ಲ. ಪತ್ರಿಕಾ ಪ್ರಕಟಣೆ ಓದಿ ತೀರ್ಪು ಓದಿದೆ ಅನ್ನಬೇಡಿ.

ಬೆಂಗಳೂರಿನವರಿಗೆ ಬೇರೆ ಸಮಸ್ಯೆ ಆರಿಸಿಕೊಳ್ಳಲು ಹೇಳುತ್ತೇನೆ: ಐರೋಪ್ಯ ಆಯೋಗದ 2021ರ ಜೂನ್ 4ರ 2021/914 ನಿರ್ಣಯ, ಅಂದರೆ ಡೇಟಾ ಹೊರದೇಶಕ್ಕೆ ಕಳಿಸುವ ಮಾದರಿ ಷರತ್ತುಗಳು. ಪಕ್ಕದ ನಂಬರಿನ 2021/915 ಬೇರೆ, ಅದು ಹೊರದೇಶಕ್ಕೆ ಕಳಿಸುವುದಕ್ಕಲ್ಲ. 914ರಲ್ಲಿ ನಾಲ್ಕು ಮಾಡ್ಯೂಲ್‌ಗಳಿವೆ. ಯುರೋಪಿನ ಕಂಪನಿ ತನ್ನ ಗ್ರಾಹಕರ ಡೇಟಾವನ್ನು ಸಂಸ್ಕರಣೆಗೆ ನೇರವಾಗಿ ಇಲ್ಲಿಗೆ ಕಳಿಸಿದರೆ 2ನೆಯದು, ಅಲ್ಲಿನ ಸಂಸ್ಕರಣಾ ಕಂಪನಿ ಉಪಗುತ್ತಿಗೆಯಾಗಿ ಕೊಟ್ಟರೆ 3ನೆಯದು. ಈ ಎರಡರಲ್ಲೂ 17 ಮತ್ತು 18ನೇ ಷರತ್ತಿನ ಖಾಲಿ ಜಾಗದಲ್ಲಿ ರೂಢಿಯಂತೆ ಭಾರತದ ಕಾನೂನು, ಬೆಂಗಳೂರು ನ್ಯಾಯಾಲಯ ಎಂದು ತುಂಬುವಂತಿಲ್ಲ. ಒಕ್ಕೂಟದ ಸದಸ್ಯ ದೇಶವೊಂದರ ಕಾನೂನು, ಅಂಥ ದೇಶದ ನ್ಯಾಯಾಲಯವೇ ಇರಬೇಕು. ಡೇಟಾ ಪಡೆಯುವ ದೇಶದ ಕಾನೂನು ಈ ಷರತ್ತುಗಳಿಗೆ ಅಡ್ಡಿಯೇ ಎಂದು ಕೇಳುವ 14ನೇ ಷರತ್ತಿಗೆ ನಮ್ಮ ಐಟಿ ಕಾಯ್ದೆಯ 69ನೇ ಸೆಕ್ಷನ್ ಸರ್ಕಾರಕ್ಕೆ ಕೊಡುವ, ಡೇಟಾ ತಡೆದು ನೋಡುವ ಅಧಿಕಾರವನ್ನು ವಿವರಿಸಬೇಕಾಗುತ್ತದೆ, ಯುರೋಪಿನ ಯಾವ ಕೋರ್ಸಿಗಿಂತಲೂ ಅದು ನಿಮಗೇ ಚೆನ್ನಾಗಿ ಗೊತ್ತು. ಕೊನೆಗೆ 2ನೇ ಅನುಬಂಧ, ಭದ್ರತಾ ಕ್ರಮಗಳದು. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆದರೆ ನಡೆಯದು. ಎನ್‌ಕ್ರಿಪ್ಶನ್ ಯಾವುದು, ಡೇಟಾ ತೆರೆಯುವ ಅನುಮತಿ ಯಾರಿಗೆ, ಬ್ಯಾಕಪ್ ಹೇಗೆ ಎಂದು ಐಟಿ ವಿಭಾಗದವರನ್ನು ಕೂರಿಸಿಕೊಂಡು ಒಂದೊಂದಾಗಿ ಬರೆಯಬೇಕು.